ಚಿದ್ರಿಯ ಪಾಳಿಯಲ್ಲಿ ಒಂದು ಹಡಗು

ಸೋಮವಾರ, ೬ ನವೆಂಬರ್ ೨೦೨೩. ಬೆಳಿಗ್ಗೆ ೬-೧೦

ಕೊಡ ಇಟ್ಟು ಬಂದೆ. ಹನ್ನೊಂದನೆಯ ಸ್ಥಾನ. ಮೊನ್ನೆ ಹದಿನೇಳಿತ್ತು. ಅಂಚೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದರೂ ಇಷ್ಟು ಬೇಗ ಬಡ್ತಿ ಸಿಕ್ಕಿರಲಿಲ್ಲ.

ಮಳೆ ಕೈಕೊಟ್ಟ ಮೇಲೆ ಬೀದರಿನ ನಮ್ಮ ಚಿದ್ರಿ ಓಣಿಗೆ ಹೊಸ ಕಾನೂನು. ಟ್ಯಾಂಕರ್ ದಿನ ಬಿಟ್ಟು ದಿನ. ಮನೆಗೆ ಆರು ಕೊಡ ನೀರು. ಬೇವಿನ ಗಿಡದಿಂದ ಹಿಡಿದು ಮನೆಗೊಂದು ಕೊಡ ಸಾಲಾಗಿ ನಿಲ್ಲಬೇಕು. ಕೊಡ ನಿಂತರೆ ಮನುಷ್ಯ ನಿಂತಂತೆ. ಇನ್ನೊಬ್ಬರ ಕೊಡ ಯಾರೂ ಕದಲಿಸುವಂತಿಲ್ಲ. ಬೇಕಾದರೆ ತನ್ನ ಕೊಡವನ್ನು ತಾನೇ ಹಿಂದಕ್ಕೆ ಇಟ್ಟುಕೊಳ್ಳಬಹುದು — ಈ ಕಲಮನ್ನು ಇದುವರೆಗೆ ಯಾರೂ ಬಳಸಿಲ್ಲ.

ಮನೆಯಲ್ಲಿ ಈಗ ನಾನು, ಹೆಂಡತಿ ಕೌಸಲ್ಯಾಬಾಯಿ, ಹೆರಿಗೆಗೆ ಬಂದ ಮಗಳು ಪ್ರಜ್ಞಾ. ಮೂರೂವರೆ ಜನ ಎನ್ನಬೇಕು. ಡಾಕ್ಟರು ಡಿಸೆಂಬರ್ ಇಪ್ಪತ್ತರ ಆಚೀಚೆ ಅಂದಿದ್ದಾರೆ. ಅಳಿಯ ಮಾಣಿಕ ಸರಕು ಹಡಗಿನಲ್ಲಿ ಅಡುಗೆಯವ. ಈ ತಿಂಗಳ ಇಪ್ಪತ್ತಕ್ಕೆ ಹಡಗು ಇಳಿದು ವಿಮಾನ ಹತ್ತುತ್ತಾನೆ. ಕೂಸಿಗಿಂತ ಒಂದು ತಿಂಗಳು ಮುಂಚೆ ಅಪ್ಪ ಹಾಜರ್. ಪ್ರಜ್ಞಾ ಭೂಗೋಳದ ಟೀಚರ್; ಬಸುರಿಗೂ ಟೈಮ್‌ಟೇಬಲ್ ಹಾಕಿದ್ದಾಳೆ.

ಪತ್ರಿಕೆಗೆ ನನ್ನ ನಗೆ ಅಂಕಣ ನಾಳೆ ಕೊಡಬೇಕು. ವಿಷಯ ಇಲ್ಲ. ಕೊಡದ ಬಗ್ಗೆ ಬರೆಯಲೇ?... ಓದುಗರೂ ಪಾಳಿಯಲ್ಲೇ ಇದ್ದಾರೆ, ಓದಲು ಪುರುಸೊತ್ತಿದೆ.

ಬುಧವಾರ, ೮ ನವೆಂಬರ್. ಸಂಜೆ

ನಾಲ್ಕೂವರೆಗೆ ಮಾಣಿಕನ ಫೋನ್. "ಗುಡ್ ಮಾರ್ನಿಂಗ್ ಮಾಮಾ" ಅಂದ. ಅಲ್ಲಿ ಬೆಳಗಿನ ಆರು. ನಾವು ಸಂಜೆಯ ಚಹಾ ಮುಗಿಸುವ ಹೊತ್ತಿಗೆ ಅವನು ಬೆಳಗಿನ ಚಹಾಕ್ಕೆ ನೀರಿಡುತ್ತಾನೆ. ಅವನ ಬೆಳಗು ನಮ್ಮ ಗಡಿಯಾರದಲ್ಲಿ ದಿನಾ ನಾಲ್ಕೂವರೆಗೆ ಹಾಲಿನವನಂತೆ ಬರುತ್ತದೆ.

ಸುದ್ದಿ ಚೆನ್ನಾಗಿಲ್ಲ. ಅಮೆರಿಕದ ಸೋಯಾ ತುಂಬಿಕೊಂಡು ಜಪಾನಿಗೆ ಹೊರಟ ಹಡಗು ಪನಾಮಾ ಕಾಲುವೆಯ ಬಾಯಲ್ಲಿ ಲಂಗರು ಹಾಕಿ ನಿಂತುಬಿಟ್ಟಿದೆ. ಬದಲಿ ಅಡುಗೆಯವ ಕಾಲುವೆಯ ಆ ತುದಿಯಲ್ಲಿದ್ದಾನೆ. ಅವನು ಹತ್ತಿದರೆ ಇವನು ಇಳಿಯಬೇಕು.

"ಯಾಕ ನಿಂತದಪಾ?"

"ನೀರಿಲ್ಲ ಮಾಮಾ."

"ಸಮುದ್ರದಾಗ?"

"ಸಮುದ್ರದಾಗ ಅದ. ಕೆರಿಯಾಗ ಇಲ್ಲ."

ಬಿಡಿಸಿ ಹೇಳಿದ. ಎರಡು ಸಮುದ್ರದ ನಡುವೆ ಗುಡ್ಡ. ಹಡಗನ್ನು ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ಆ ಕಡೆ ಇಳಿಸುತ್ತಾರೆ. ಮೆಟ್ಟಿಲೆಂದರೆ ಬಾಗಿಲಿರುವ ದೊಡ್ಡ ತೊಟ್ಟಿಗಳು. ಮೇಲಿನ ಕೆರೆಯಿಂದ ಸಿಹಿನೀರು ಬಿಟ್ಟರೆ ತೊಟ್ಟಿ ತುಂಬಿ ಹಡಗು ತೇಲಿ ಏರುತ್ತದೆ. ಒಂದು ಹಡಗು ದಾಟಿದರೆ ಹೆಚ್ಚುಕಡಿಮೆ ಇಪ್ಪತ್ತು ಕೋಟಿ ಲೀಟರ್ ಸಮುದ್ರದ ಪಾಲು. ಈ ವರ್ಷ ಅಲ್ಲೂ ಮಳೆ ಇಲ್ಲ. ಬಿಡುವ ಹಡಗುಗಳನ್ನು ಕಡಿಮೆ ಮಾಡಿದ್ದಾರೆ. ಮುಂಗಡ ಜಾಗ ಹಿಡಿದವರು ಹೋದ ಮೇಲೆ ಉಳಿದವರಿಗೆ ದಿನಕ್ಕೆ ಒಂದೋ ಎರಡೋ. ಆ ಉಳಿದವರ ಪಾಳಿಯಲ್ಲಿ ಇವನ ಹಡಗು ಮೂವತ್ತೊಂದನೆಯದು.

"ದಂಡಿಯಿಂದ ದಂಡಿಗಿ ಎಷ್ಟ ದೂರ?"

"ಎಂಬತ್ತು ಕಿಲೋಮೀಟರ್."

"ಬೀದರದಿಂದ ಬಸವಕಲ್ಯಾಣ ಆತು. ಆ ಅಡಗಿಯಂವ ಬಸ್ ಹತ್ತಿ ಬರಬಾರದೇನೋ?"

"ಕಾಗದದಾಗ ಆ ದಂಡಿ ಅಂತ ಬರದಾರ ಮಾಮಾ. ತಿದ್ದಬೇಕಂದ್ರ ಪಾಳಿಗಿಂತ ಜಾಸ್ತಿ ದಿನ ಹಿಡಿತದ."

ಸರ್ಕಾರಿ ನೌಕರಿ ಮಾಡಿದವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಮನಸ್ಸಿನಲ್ಲೇ ಎದ್ದುನಿಂತು ಆ ಕಾಗದಕ್ಕೆ ನಮಸ್ಕಾರ ಮಾಡಿದೆ.

ಪ್ರಜ್ಞಾ ಊಟ ಅರ್ಧಕ್ಕೆ ಬಿಟ್ಟಳು.

ಶುಕ್ರವಾರ, ೧೦ ನವೆಂಬರ್

ಹೊಸ ಇಲಾಖೆ ತೆರೆದೆ. ಅಟ್ಟದ ಮೇಲಿದ್ದ ಅವ್ವನ ಹಿತ್ತಾಳೆ ತಂಬಿಗೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಪಾಳಿಯಲ್ಲಿ ಮೂವತ್ತೊಂದನೆಯ ಜಾಗದಲ್ಲಿಟ್ಟೆ. ಓಣಿಯಲ್ಲಿ ಇರುವುದು ಮೂವತ್ತನಾಲ್ಕು ಮನೆ, ಅನುಕೂಲವಾಯಿತು. ಇದು ಮಾಣಿಕನ ಹಡಗು ಎಂದು ಸಾರಿದೆ. ನೀರಿನ ಹಕ್ಕಿಲ್ಲ, ಬರೀ ಗೌರವ ಸ್ಥಾನ. ಅಲ್ಲಿ ಹಡಗು ಒಂದು ಜಾಗ ಸರಿದರೆ ಇಲ್ಲಿ ತಂಬಿಗೆ ಒಂದು ಕೊಡ ಮುಂದೆ.

ಎದುರು ಮನೆಯ ಶಾಕಿರಾ ಬೇಗಂ ಹೊಲಿಗೆ ಯಂತ್ರ ಬಿಟ್ಟು ಹೊರಗೆ ಬಂದರು.

"ಏನ್ ಭಾಯಿ, ಹಡಗ ಭಾಳ ಸಣ್ಣದಾಗ್ಯಾದಲ್ಲ?"

"ದೂರದಿಂದ ನೋಡ್ಲಾಕತ್ತೀರಲ್ರಿ ಬೇಗಂ, ಅದಕ್ಕ."

ಹೆಂಗಸರೆಲ್ಲ ನಕ್ಕರು. ಕಿಟಕಿಯಲ್ಲಿ ಪ್ರಜ್ಞಾ ಕೂಡ. ಎರಡು ದಿನದ ಮೇಲೆ.

ಸೋಮವಾರ, ೧೩ ನವೆಂಬರ್

ಊಟದ ಮೇಲೆ ಕಣ್ಣು ಹತ್ತಿತು. ನೌಬಾದಿನ ಕಾರೇಜ್ — ನೆಲದೊಳಗಿನ ಆ ಹಳೆಯ ನೀರಿನ ಸುರಂಗ — ಅದರೊಳಗೆ ಹಡಗು ಬರುತ್ತಿದೆ. ಉದ್ದಕ್ಕೂ ಇರುವ ಗಾಳಿಬಾವಿಗಳಿಂದ ಒಂದೊಂದಾಗಿ ಹೊಗೆ ಏಳುತ್ತದೆ, ನಿಲ್ಲುತ್ತದೆ, ಮುಂದಿನ ಬಾವಿಯಲ್ಲಿ ಏಳುತ್ತದೆ. ಕೆಂಪು ಕಲ್ಲಿನ ಗೋಡೆಗೆ ಪಕ್ಕೆ ಸವರಿಕೊಂಡು, ಸದ್ದಿಲ್ಲದೆ. ಮಾಣಿಕ ಅಡುಗೆಮನೆಯ ದುಂಡು ಕಿಟಕಿಯಿಂದ ಕೈ ಚಾಚಿ ಗೋಡೆಯ ಜಿನುಗನ್ನು ಬೊಗಸೆಯಲ್ಲಿ ಹಿಡಿಯುತ್ತಿದ್ದಾನೆ. ನಾನು ಬಾವಿಗೆ ಬಗ್ಗಿ ಕೂಗಿದೆ — ಪಾಳಿ ಎಷ್ಟಪಾ? ಅವನು ಬೆರಳೆತ್ತಿದ. ಎಣಿಸಬೇಕು...

"ಏಳ್ರಿ, ಹಾಲು ತರಬೇಕು." ಕೌಸಲ್ಯಾಬಾಯಿ.

ಬೀದರಿನ ಏಕೈಕ ಬಂದರು ಹೀಗೆ ಅರ್ಧ ಲೀಟರ್ ಹಾಲಿಗೆ ಮುಚ್ಚಿಹೋಯಿತು.

ಶನಿವಾರ, ೧೮ ನವೆಂಬರ್

ತಂಬಿಗೆ ಹದಿನೈದರಲ್ಲಿ! ಓಣಿಗೆ ಓಣಿಯೇ ಹಡಗಿನ ಕಂಪನಿ ಆಗಿದೆ. ತರಕಾರಿ ಗಾಡಿಯವನೂ ಕೇಳುತ್ತಾನೆ, "ಎಲ್ಲಿ ಬಂತ್ರಿ ಅಳಿಯಂದು?"

ಮಧ್ಯಾಹ್ನ ಪತ್ರಿಕೆಯ ಆಫೀಸಿಗೆ ಹೋದೆ. ಸಂಪಾದಕ ನರಸಿಂಗ ಬಹಳ ವಿನಯದಿಂದ ಚಹಾ ತರಿಸಿದ. ವಿನಯ ಕಂಡರೆ ನನಗೆ ಭಯ.

"ಸರ್, ನಿಮ್ಮ ಅಂಕಣ ಇನ್ಮ್ಯಾಲ ಆರುನೂರು ಶಬ್ದ ಬ್ಯಾಡ. ನಾನೂರಕ್ಕ ಮುಗಸ್ರಿ."

"ಯಾಕಪಾ, ನಗಿ ತುಟ್ಟಿ ಆಗ್ಯಾದೇನು?"

"ಕಾಗದ ತುಟ್ಟಿ ಆಗ್ಯಾದ ಸರ್. ಹಡಗಿನಾಗ ಬರ್ತದ. ಹಡಗಿನ ಬಾಡಿಗಿ ಏರ್ಯಾದ ಅಂತಾರ."

ನಿಜವೋ ನೆಪವೋ ಅವನಿಗೇ ಗೊತ್ತು. ನನ್ನ ಇನ್ನೂರು ಶಬ್ದಗಳು ಪನಾಮಾದ ಕೆರೆಯಲ್ಲಿ ಮುಳುಗಿದವು. ಅಲ್ಲ — ಮುಳುಗುವಷ್ಟು ನೀರಿಲ್ಲ. ಕೆಸರಿನಲ್ಲಿ ಹೂತವು.

ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಾ ಕುಳಿತೆ. ಜಪಾನಿನಲ್ಲಿ ಒಂದು ಕೋಳಿ ಸೋಯಾಕ್ಕೆ ಕಾಯುತ್ತಿದೆ. ಅದರ ಮೊಟ್ಟೆಗೆ ಅಲ್ಲಿಯ ಒಬ್ಬ ಹೆಣ್ಣುಮಗಳು ಕಾಯುತ್ತಿದ್ದಾಳೆ, ರೇಟು ಕೇಳಿ ಬೈಯುತ್ತಿದ್ದಾಳೆ. ಅದೇ ಮೊಟ್ಟೆಯ ಬೆಲೆಯ ಒಂದು ಪಾಲನ್ನು ಚಿದ್ರಿಯ ಕಿಟಕಿಯಲ್ಲಿ ಕಾಯುತ್ತಾ ಕೂತ ನನ್ನ ಮಗಳೂ ಕೊಡುತ್ತಿದ್ದಾಳೆ. ಅವಳ ಪಾಲಿಗೆ ಮಾತ್ರ ರಸೀದಿ ಇಲ್ಲ.

ಬುಧವಾರ, ೨೨ ನವೆಂಬರ್. ಸಿಟ್ಟಿನಲ್ಲಿ

ಮೂರು ದಿನದಿಂದ ಹನ್ನೆರಡರಲ್ಲೇ ನಿಂತಿದೆ. ಕಾರಣ ಇವತ್ತು ತಿಳಿಯಿತು.

"ನಮ್ಮ ಹಿಂದಿನ ಹಡಗ ಹರಾಜಿನಾಗ ಪಾಳಿ ಕೊಂಡ್ಕೊಂಡು ಮುಂದ ಹೋತು ಮಾಮಾ."

"ಪಾಳಿ ಹರಾಜ ಹಾಕ್ತಾರ?"

"ಹಾಕ್ತಾರ್ರಿ. ಕೋಟಿಗಟ್ಲೆ ಕೂಗ್ತಾರ."

"ಆ ರೊಕ್ಕ ಯಾರ ಕಿಸೆದಾಗಿಂದು?"

"ಕಡಿಗಿ ಸಾಮಾನ ಕೊಳ್ಳಾವ್ರದೇ."

ಅಜ್ಜ ನೆನಪಾದ. ಖಟಕ ಚಿಂಚೋಳಿಯಲ್ಲಿ ಅವನ ಕಾಲಕ್ಕೆ ನಮ್ಮವರು ಬಾವಿ ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ಕೂರಬೇಕು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ನೀರು. ಅದು ಪಾಳಿಯಲ್ಲ, ಬರೀ ಕಾಯುವುದು. ಪಾಳಿ ಅಂದರೆ ನಿನ್ನ ಹೊತ್ತು ಬಂದೇ ಬರುತ್ತದೆ ಅನ್ನುವ ಮಾತು. ಚಿದ್ರಿಯ ಈ ಸಾಲಿನಲ್ಲಿ ನನ್ನ ಕೊಡದ ಮುಂದೆ ಯಾರದೋ, ಹಿಂದೆ ಯಾರದೋ — ಬೆಳಿಗ್ಗೆ ಎದ್ದು ನೋಡಿದರೆ ನನಗೊಂದು ಸಮಾಧಾನ. ಅದನ್ನೂ ಕೂಗಿ ಮಾರುತ್ತಾರಂತೆ.

ಈ ಪ್ಯಾರಾ ಅಂಕಣಕ್ಕೆ ಹೋಗುವುದಿಲ್ಲ. ನಗು ಇಲ್ಲ.

ಸೋಮವಾರ, ೨೭ ನವೆಂಬರ್

"ಮಾಮಾ, ಬಾಜೂಕ ಅಕಿ ಇಲ್ಲಲ್ಲ?"

ಇರಲಿಲ್ಲ. ಆದರೂ ಅಂಗಳಕ್ಕೆ ಹೋದೆ.

ಹಡಗು ಹನ್ನೆರಡರಿಂದ ಕದಲಿಲ್ಲ, ಕಂಪನಿಗೆ ಬೇಸರ ಬಂದಿದೆ. ಕಾಲುವೆ ಬೇಡ, ಸುತ್ತು ಹೊಡೆದು ಹೋಗಿ ಅಂದಿದ್ದಾರೆ. ಆಫ್ರಿಕದ ಕೆಳತುದಿ ಬಳಸಿ. ಬದಲಿ ಅಡುಗೆಯವ ಇನ್ನು ಸಿಂಗಪುರದಲ್ಲಿ ಹತ್ತುತ್ತಾನೆ. ನಲವತ್ತು ದಿನ.

ಜನವರಿ ಆರು.

"ಅಕಿಗಿ ಈಗೇ ಹೇಳಬ್ಯಾಡ್ರಿ ಮಾಮಾ. ಬಿ.ಪಿ. ಏರ್ಯಾದ ಅಂದಾರಲ್ಲ ಡಾಕ್ಟರು. ಕಾಲುವಿ ದಾಟಲಾಕತ್ತೀವಿ ಅಂತ ತಿಳ್ಕೊಂಡಿರ್ಲಿ."

ನಕಾಶೆ ತೆಗೆದು ನೋಡಿದೆ. ಇಡೀ ದಾರಿ ನಮ್ಮ ಕಡೆಗೇ ಬರುತ್ತದೆ. ನಮ್ಮ ದೇಶದ ಕಾಲ ಕೆಳಗೇ ಹಾದು, ನಿಲ್ಲದೆ, ಮುಂದೆ ಹೋಗುತ್ತದೆ. ಭಾಲ್ಕಿ ಸ್ಟೇಷನ್ನಿನಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಗಾಡಿಯ ಹಾಗೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಗಾಳಿ ಮಾತ್ರ.

ಮಂಗಳವಾರ, ೨೮ ನವೆಂಬರ್. ಬೆಳಿಗ್ಗೆ

"ಇವತ್ತು ಎಷ್ಟ ಬಾಬಾ?" ಕಿಟಕಿಯಿಂದ ಪ್ರಜ್ಞಾ.

ತಂಬಿಗೆ ನನ್ನ ಕೈಯಲ್ಲಿತ್ತು. ಹನ್ನೆರಡರಲ್ಲಿ ಇಡಬೇಕು. ಅಥವಾ ಎಲ್ಲೂ ಇಡಬಾರದು.

"ಹತ್ತು!" ಅಂದೆ.

ಚಪ್ಪಾಳೆ ತಟ್ಟಿದಳು. ಬೆಳಿಗ್ಗೆ ಎರಡು ರೊಟ್ಟಿ ತಿಂದಳಂತೆ. ಕೌಸಲ್ಯಾಬಾಯಿ ಬಂದು ವರದಿ ಒಪ್ಪಿಸಿದಳು.

ಭಾನುವಾರ, ೩ ಡಿಸೆಂಬರ್

ಔರಾದ ಬಸ್ಸಿನಲ್ಲಿ ಸಂತಪುರಕ್ಕೆ. ಬೀಗತಿ ಜಿಜಾಬಾಯಿಯವರಿಗೆ ಸುದ್ದಿ ಮುಖತಃ ಹೇಳಬೇಕಲ್ಲ. ರಸ್ತೆಯ ಎರಡೂ ಕಡೆ ತೊಗರಿ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿದೆ.

ಜಿಜಾಬಾಯಿ ಮೊಮ್ಮಕ್ಕಳಿಗೆ ಬುತ್ತಿ ಕಟ್ಟುತ್ತಿದ್ದರು. ನಡೆದರೆ ಝಣಝಣ ಸದ್ದು. ಸೊಂಟದಲ್ಲಿ ಐದು ಮನೆಯ ಕೀಲಿಕೈ. ಓಣಿಯ ಐದು ಮನೆಯವರು ದುಡಿಯಲು ಹೈದರಾಬಾದಿಗೆ ಹೋಗಿದ್ದಾರೆ. "ಬ್ಯಾಂಕ್ ಮ್ಯಾನೇಜರ್ ಆಗೀನ್ರಿ ಬೀಗರ" ಅಂದರು.

ಎಲ್ಲ ಹೇಳಿದೆ. ಕಾಲುವೆ, ಕೆರೆ, ತೊಟ್ಟಿ.

"ಅಂದ್ರ ಸಮುದ್ರದ ಮ್ಯಾಲ ಕುಂತು ಸೀ ನೀರಿಗಿ ಪಾಳಿ ಹಚ್ಚಿದ್ನಾ ನನ್ನ ಮಗ?"

"ಹಚ್ಚಿದ್ದ. ಈಗ ಪಾಳಿ ಬಿಟ್ಟು ಸುತ್ತ ಹೊಂಟಾನ್ರಿ. ಕೂಸು ಹುಟ್ಟೂದ್ರಾಗ ಬರೂದಿಲ್ಲ."

ಬುತ್ತಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದರು.

"ಹೋಗ್ಲಿ ಬಿಡ್ರಿ. ಹಿಂದ ನಿಂತಾವ್ರಿಗಿ ಒಂದು ಜಾಗಾ ಸಿಕ್ಕಿರ್ತದ." ಗಂಟನ್ನು ಪಕ್ಕಕ್ಕೆ ಸರಿಸಿ: "ಒಂದು ಹಡಗಿಗಿ ಎಷ್ಟು ನೀರಂದ್ರಿ?"

ಹೇಳಿದೆ. ಬಾಯಿಗೆ ಸೆರಗು ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. "ಅಷ್ಟು ನೀರು ಹಾಕಿ ಮಾಡಿದ ಸಾಮಾನು ಏನ್ ರುಚಿ ಇದ್ದೀತ್ರಿ!"

ವಾಪಸ್ ಬಸ್ಸಿನಲ್ಲಿ ತೂಕಡಿಕೆ. ಕೀಲಿ ಹಾಕಿದ ಐದು ಮನೆಗಳು ಹಗ್ಗ ಬಿಚ್ಚಿಕೊಂಡು ಕೆಂಪು ಮಣ್ಣಿನ ಮೇಲೆ ಮೆಲ್ಲಗೆ ತೇಲಿ ಹೊರಟಿದ್ದವು, ಹೈದರಾಬಾದಿನ ಕಡೆ, ಒಂದರ ಹಿಂದೊಂದು, ಪಾಳಿ ತಪ್ಪದೆ.

ಬುಧವಾರ, ೬ ಡಿಸೆಂಬರ್

ಇವತ್ತು ಪರಿನಿರ್ವಾಣ ದಿನ; ಬಾಬಾಸಾಹೇಬರ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದೆವು. ಅವರ ಕಣ್ಣುಗಳು ಕನ್ನಡಕದ ಹಿಂದಿನಿಂದ ನನ್ನನ್ನೇ ನೋಡಿದವು. ಬೆಳಿಗ್ಗೆ ತಂಬಿಗೆಯನ್ನು ಐದರಲ್ಲಿ ಇಟ್ಟು ಬಂದಿದ್ದೆ.

ಶುಕ್ರವಾರ, ೮ ಡಿಸೆಂಬರ್

ಇವತ್ತಿನದು ಬರೆಯಲೇಬೇಕು. ಬರೆಯದಿದ್ದರೆ ನಾಳೆ ಇದನ್ನೂ ಜೋಕ್ ಮಾಡಿಬಿಡುತ್ತೇನೆ.

ಟ್ಯಾಂಕರ್ ಅರ್ಧವೇ ತುಂಬಿ ಬಂತು. ಡ್ರೈವರ್ ಅಮೀರ ಪಾಶಾ ಇಳಿದು, "ಇವತ್ತು ಮೊದಲ ಇಪ್ಪತ್ತು ಮನಿಗಷ್ಟೇ. ಉಳದಾವ್ರಿಗಿ ನಾಡಿದ್ದು" ಅಂದ. ಕೋಲಿನಿಂದ ಕೊಡ ಮುಟ್ಟುತ್ತಾ ಎಣಿಸಿದ. ಒಂದು, ಎರಡು, ಮೂರು... ಐದನೆಯದು ತಂಬಿಗೆ. ಅದನ್ನೂ ಮುಟ್ಟಿ ಎಣಿಸಿದ. ಅವನಿಗೇನು ಗೊತ್ತು, ಅದು ಹಡಗು ಅಂತ. ಇಪ್ಪತ್ತಕ್ಕೆ ಕೋಲು ಅಡ್ಡ ಇಟ್ಟ. ಇಪ್ಪತ್ತೊಂದನೆಯದು ಶಾಕಿರಾ ಬೇಗಂ ಅವರ ಸ್ಟೀಲ್ ಕೊಡ.

ಎಣಿಕೆಯಲ್ಲಿ ಇಪ್ಪತ್ತೊಂದು. ನಿಜದಲ್ಲಿ ಇಪ್ಪತ್ತು.

ನಾನು ಬಾಯಿ ಬಿಡಬೇಕಿತ್ತು. ಕಿಟಕಿಯಲ್ಲಿ ಪ್ರಜ್ಞಾ ನಿಂತಿದ್ದಳು. ತಂಬಿಗೆ ಲೆಕ್ಕಕ್ಕಿಲ್ಲ ಅಂದರೆ, ಹಡಗೂ ಲೆಕ್ಕಕ್ಕಿಲ್ಲ ಅಂದಹಾಗೆ... ನನ್ನ ಕೊಡ ತುಂಬಿಸಿಕೊಳ್ಳಲು ಬಗ್ಗಿದೆ. ಬೇಗಂ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದರು.

ಹರಾಜು ಕೂಗಿದ ಕಂಪನಿಗೆ ಬೈದು ಮೂರು ವಾರ ಆಗಿಲ್ಲ. ಅವರಾದರೂ ಕೋಟಿ ಕೊಟ್ಟಿದ್ದರು. ನಾನು ಪುಕ್ಕಟೆ ನುಗ್ಗಿದೆ.

ಸಂಜೆ ಮೂರು ಕೊಡ ನೀರು ಹೊತ್ತು ಎದುರು ಮನೆಗೆ ಹೋದೆ. ಒಂದೊಂದಾಗಿ, ಮೂರು ಸಲ. ಬೇಗಂ ಬಾಗಿಲಲ್ಲೇ ನಿಂತು ನೋಡಿದರು.

"ಭಾಯಿ, ಒಂದು ಕೇಳ್ಲಾ? ಹಿಂದ ಹಡಗ ಒಂದೊಂದು, ಎರಡೆರಡು ಸರೀತಿತ್ತು. ಎಂಟ್ಹತ್ತು ದಿನದಿಂದ ನಿಮ್ಮ ಮಾರಿ ನೋಡಿ ಸರೀಲಾಕತ್ತದ."

"...ಅದು ಅಲ್ಲಿ ಇಲ್ಲೇ ಇಲ್ರಿ ಬೇಗಂ. ಸುತ್ತ ಹೊಡದು ಹೋಗ್ಯಾದ."

"ಹುಡುಗಿಗಿ?"

"ಗೊತ್ತಿಲ್ಲ."

"ಮೊದ್ಲ ಅಕಿಗಿ ಹೇಳ್ರಿ. ನೀರು ಆಮ್ಯಾಲ ತರಬಹುದಿತ್ತು."

ಶನಿವಾರ, ೯ ಡಿಸೆಂಬರ್

ಹೇಳಿದೆ. ಅಂಕಣಕಾರನಂತೆ ಪೀಠಿಕೆ ಹಾಕಿ, ಆಫ್ರಿಕದ ಭೂಪಟದಿಂದ ಶುರುಮಾಡಿದೆ. ಪ್ರಜ್ಞಾ ಬಟಾಣಿ ಸುಲಿಯುತ್ತಿದ್ದಳು. ನಿಲ್ಲಿಸಲಿಲ್ಲ.

"ಗೊತ್ತದ ಬಾಬಾ."

"ಯಾರ ಹೇಳಿದ್ರು?"

"ಅವ್ರ ಮುಂಜಾನಿ." ತಲೆ ಎತ್ತಿದಳು. "ಹಡಗ ನಿಂತಿದ್ರ ಅವ್ರ ಗುಡ್ ಮಾರ್ನಿಂಗ್ ಮೆಸೇಜು ದಿನಾ ನಾಲ್ಕೂವರಿಗೇ ಬರಬೇಕಿತ್ತು. ಮೂರೂವರಿ ಆತು, ಎರಡೂವರಿ ಆತು. ನಿನ್ನಿ ಒಂದೂವರಿ. ಅವ್ರ ಮುಂಜಾನಿ ನಮ್ಮ ಮುಂಜಾನಿ ಹತ್ತಿರ ಬರ್ಲಾಕತ್ತದ. ಪೂರ್ವಕ್ಕ ಹೊಂಟಾರ. ಅಷ್ಟೂ ತಿಳೀದಿದ್ರ ಭೂಗೋಳ ಏನ್ ಕಲಸ್ತೀನಿ ನಾನು?"

"ಮತ್ತ ಚಪ್ಪಾಳಿ ಯಾಕ ತಟ್ಟಿದಿ?"

"ನಿಮ್ಮ ಮಾರಿ ನೋಡಿ."

ಅವಳ ಕಣ್ಣಿಂದ ಎರಡು ಹನಿ ಬಟಾಣಿ ಬುಟ್ಟಿಗೆ ಬಿದ್ದವು. ಅವಳೇ ಒರೆಸಿಕೊಂಡಳು.

"ನಾಳಿಂದ ಅವ್ರನ್ನ ಕಟ್ಟಕಡಿಗಿ ಇಡ್ರಿ ಬಾಬಾ. ಸುತ್ತ ಹೊಡದು ಬರಾವ್ರ ಜಾಗಾ ಅದೇ. ಇನ್ನೊಬ್ಬರ ನೀರು ತಗೊಂಡು ಬರೂದು ಅವ್ರಿಗೂ ಬ್ಯಾಡ, ನನಗೂ ಬ್ಯಾಡ."

ಸೋಮವಾರ, ೧೮ ಡಿಸೆಂಬರ್

ತಂಬಿಗೆ ಒಂದು ವಾರದಿಂದ ಕೊನೆಯಲ್ಲಿ, ಮೂವತ್ತೈದನೆಯದಾಗಿ. ಅಮೀರ ಪಾಶಾನಿಗೂ ವಿಷಯ ತಿಳಿಸಲಾಗಿದೆ. ಬಂದಾಗಲೆಲ್ಲ ಅದಕ್ಕೊಂದು ಸಲಾಂ ಹೊಡೆಯುತ್ತಾನೆ.

ಮಾಣಿಕನ ಬೆಳಗು ಈಗ ಹತ್ತೂವರೆಗೆ. ಪ್ರಜ್ಞಾ ಗಡಿಯಾರದ ಮೇಲೆ ಚುಕ್ಕಿ ಅಂಟಿಸುತ್ತಾ ಹೋಗಿದ್ದಾಳೆ. ನಾಲ್ಕೂವರೆಯಿಂದ ಹತ್ತೂವರೆವರೆಗೆ ಕೆಂಪು ಬಿಂದಿಗಳ ಸಾಲು, ಕಿರುದಾರಿಯ ಹಾಗೆ. ಹಗಲುಗನಸಿನಲ್ಲಿ ಅದರ ಮೇಲೆ ನಡೆದು ನೋಡಿದೆ. ಮುಳ್ಳು ಚುಚ್ಚಲಿಲ್ಲ.

ಬುಧವಾರ, ೨೦ ಡಿಸೆಂಬರ್. ದವಾಖಾನೆ, ಬೆಂಚಿನ ಮೇಲೆ

ನಿನ್ನೆ ಮಧ್ಯಾಹ್ನ ೧೨-೪೦. ಹೆಣ್ಣು. ಎರಡು ಕಿಲೋ ಎಂಟುನೂರು. ತಾಯಿ ಆರಾಮ. ಟೈಮ್‌ಟೇಬಲ್ಲಿಗಿಂತ ಒಂದು ದಿನ ಮುಂಚೆ — ಈ ಮನೆತನದಲ್ಲಿ ಪಾಳಿಗಿಂತ ಮೊದಲೇ ಬಂದ ಮೊದಲನೆಯ ಪ್ರಾಣಿ.

ಜಿಜಾಬಾಯಿ ಬಂದಿದ್ದಾರೆ. ಕೀಲಿಗಳ ಸದ್ದಿಗೆ ಕೂಸು ಕಣ್ಣು ಬಿಡುತ್ತದೆ.

ಶುಕ್ರವಾರ, ೨೨ ಡಿಸೆಂಬರ್. ಬೆಳಿಗ್ಗೆ ೯-೩೫

ಅವಸರದಲ್ಲಿ ಬರೆಯುತ್ತಿದ್ದೇನೆ. ತಾಯಿ, ಕೂಸು ನಿನ್ನೆ ಸಂಜೆ ಮನೆಗೆ ಬಂದರು. ಕೂಸಿಗೆ ಮನೆಯಲ್ಲಿ ಇವತ್ತು ಮೊದಲ ಸ್ನಾನ. ಬೆಳಿಗ್ಗೆ ಏಳುವಾಗ ಹಂಡೆ ಖಾಲಿ. ಟ್ಯಾಂಕರ್ ಎಂಟಕ್ಕೆ.

ಕೊಡ ಇಡಲು ಎದ್ದಾಗಲೇ ತಡ. ನನ್ನದು ಮೂವತ್ತನಾಲ್ಕನೆಯದು. ಅದರ ಹಿಂದೆ ತಂಬಿಗೆ.

ಬೇಗಂ ಅವರದು ಇವತ್ತು ಮೊದಲನೆಯದು, ಬೇವಿನ ಬುಡದಲ್ಲೇ. ಹೊರಗೆ ಬಂದರು, ನೋಡಿದರು, ತಮ್ಮ ಸ್ಟೀಲ್ ಕೊಡ ಎತ್ತಿಕೊಂಡು ಸಾಲಿನುದ್ದಕ್ಕೂ ನಡೆದು ಬಂದು ತಂಬಿಗೆಯ ಹಿಂದೆ ಇಟ್ಟರು.

"ಬೇಗಂ, ಏನಿದು?"

"ನನ್ನ ಕೊಡ ನಾನೇ ಹಿಂದ ಇಟ್ಕೊಂಡೀನಿ. ಕಾನೂನು ಅದ ಅಲ್ಲ ಭಾಯಿ?"

ಎರಡನೆಯ ಮನೆಯವಳು ಬಂದಳು. ಎತ್ತಿದಳು, ಹಿಂದೆ ಇಟ್ಟಳು. ಮೂರನೆಯವಳು. ಹತ್ತನೆಯವಳು. ಬಳೆ ಸದ್ದು ಅಷ್ಟೇ. ಕೊನೆಗೆ ನಾನೂ ನನ್ನ ಕೊಡ ಎತ್ತಿ ಎಲ್ಲರ ಹಿಂದೆ ಹೋಗಿ ನಿಂತೆ. ತಂಬಿಗೆಯನ್ನು ಯಾರೂ ಮುಟ್ಟಲಿಲ್ಲ. ಅದು ನಿಂತಲ್ಲೇ ನಿಂತಿತ್ತು. ಮೊದಲನೆಯದಾಗಿ.

ಅಮೀರ ಪಾಶಾ ಬೇವಿನ ಗಿಡಕ್ಕೆ ಬಂದು ನೋಡಿದರೆ ಅಲ್ಲಿ ಒಂದೂ ಕೊಡ ಇಲ್ಲ. "ಪಾಳಿ ಎಲ್ಲಿ ಹೋತ್ರಿ? ಗಿಡ ಬಿಟ್ಟು ಓಡಿ ಹೋತೇನು?" ಅಂತ ಬೈಯುತ್ತಾ ಇಡೀ ಟ್ಯಾಂಕರನ್ನು ಓಣಿಯುದ್ದಕ್ಕೂ ಹಿಂದಕ್ಕೆ ತಂದ. ತಂಬಿಗೆ ಕಂಡ. ಸಲಾಂ ಹೊಡೆದ. ನಲ್ಲಿ ಸಣ್ಣಗೆ ತಿರುಗಿಸಿದ. ಹಿತ್ತಾಳೆಯಲ್ಲಿ ನೀರು ಏರುವ ಸದ್ದು... ಹಡಗು ಮೆಟ್ಟಿಲು ಹತ್ತುವಾಗ ಹೀಗೇ ಇರುತ್ತದೇನೋ.

ಒಲೆಯ ಮೇಲೆ ಅದೇ ನೀರು ಬೆಚ್ಚಗಾಗುತ್ತಿದೆ. ಜಿಜಾಬಾಯಿ ಕಾಲು ಚಾಚಿ ಕೂತಿದ್ದಾರೆ, ಕೂಸನ್ನು ಮಲಗಿಸಿಕೊಳ್ಳಲು.

ಈಗ ಫೋನ್. ಒಂಬತ್ತೂವರೆ — ಪ್ರಜ್ಞಾ ಹೇಳಿದ ಹೊತ್ತಿಗೇ. ಆಫ್ರಿಕದ ಮೂಲೆ ತಿರುಗಿದೆವು ಅಂದ. ಇನ್ನೂ ಹದಿನೈದು ದಿನ ಅಂದ. ದನಿ ಗಾಳಿಯಲ್ಲಿ ಹರಿದು ಹರಿದು ಬರುತ್ತಿತ್ತು. ಆಮೇಲೆ ಕೇಳಿದ —

"ಮಾಮಾ, ನನ್ನ ತಂಬಗಿ ಇವತ್ತು ಎಷ್ಟನೇದು?"

ಒಂದನೇದಪಾ, ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಮೊದಲ ನೀರು ಬಿದ್ದು, ಕೂಸು ಫೋನಿನ ಆ ತುದಿಗೂ ಕೇಳುವಷ್ಟು ಜೋರಾಗಿ ಅತ್ತಿತು.